ಅಕ್ಷರ ಓದಿದವನಿಗೆ ಬಾಗಿಲು ಕಾಣಲಿಲ್ಲ

ನೇತ್ರಾಧಿಕಾರಿ ಎಂದರೆ ಕಣ್ಣಿನ ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ನೆಂಟರು ಯಾರೂ ಇದನ್ನು ಕೊನೆಯವರೆಗೂ ಒಪ್ಪುವುದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರು ರೆಪ್ಪೆ ಎಳೆದು ತೋರಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಕೆಲಸ ದೃಷ್ಟಿ ಅಳೆಯುವುದು, ಕನ್ನಡಕದ ನಂಬರು ಬರೆಯುವುದು, ಪೊರೆ ಬಂದವರನ್ನು ಹುಡುಕಿ ಆಪರೇಷನ್ನಿಗೆ ಕಳಿಸುವುದು, ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುವುದು. ಕನಕಪುರ, ಮಾಗಡಿ, ಚನ್ನಪಟ್ಟಣ, ಕೊನೆಗೆ ರಾಮನಗರ, ಹೀಗೆ ನಾಲ್ಕೂ ತಾಲ್ಲೂಕುಗಳ ಕಣ್ಣುಗಳನ್ನು ನೋಡಿ ನಾನು ನಿವೃತ್ತಳಾದೆ. ಜನ ನನ್ನನ್ನು ಕರೆಯುತ್ತಿದ್ದುದು ‘ಕನ್ನಡಕದ ಮೇಡಮ್ಮ’ ಎಂದು. ಹೊಸದಾಗಿ ಈ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದು, ‘ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಹೇಳಿ’ ಎಂದರು. ಪುಸ್ತಕದಲ್ಲಿ ಎಲ್ಲವೂ ಇದೆ. ನಾನು ಅದನ್ನು ಓದಿಯೂ ಎಲ್ಲಿ ಎಡವಿದೆ ಎಂಬುದು ಮಾತ್ರ ಅಲ್ಲಿಲ್ಲ. ಅದನ್ನೇ ಬರೆಯುತ್ತೇನೆ.

ಸೇರಿದ ಎರಡನೇ ವರ್ಷ. ಊರಿನ ಹೆಸರು ಬೇಡ, ತಪ್ಪು ನನ್ನದು, ಊರಿನದಲ್ಲ. ಚಿಕ್ಕಲಿಂಗಯ್ಯ ಎಂಬ ನಲವತ್ತರ ಆಸುಪಾಸಿನ ಟೆಂಪೊ ಡ್ರೈವರ್ ತಲೆನೋವೆಂದು ಬಂದ. ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆಗೆ ತಂದು ಹಾಕುವುದು ಅವನ ಕೆಲಸ. ದೊಡ್ಡ ಆಳು, ಮೆತ್ತಗಿನ ಮಾತು. ಕೂರಿಸಿ ಅಕ್ಷರದ ಬೋರ್ಡು ತೋರಿಸಿದೆ. ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿದರೂ ಕೊನೆಯ ಸಾಲಿನವರೆಗೆ ತಡವರಿಸದೆ ಓದಿದ. ಹತ್ತಿರದ್ದು ಓದಲು ಸ್ವಲ್ಪ ನಂಬರು ಬೇಕಿತ್ತು, ಬರೆದುಕೊಟ್ಟೆ.

ತಿಂಗಳು ಕಳೆದು ಮತ್ತೆ ಬಂದ. ‘ಕನ್ನಡ್ಕ ಸರಿಯಾಗಿಲ್ಲ ಕಣ್ ಮೇಡಮ್ಮಾರೆ. ಗೇಟಿನ ಕಂಬ ಕಾಣಾಕಿಲ್ಲ, ಟೆಂಪೊ ಎಡಗಡೆ ಬಾಡಿ ಉಜ್ಜೋಯ್ತು’ ಎಂದ. ಮತ್ತೆ ಬೋರ್ಡು ಓದಿಸಿದೆ, ಮತ್ತೆ ಎಲ್ಲ ಓದಿದ. ಕಾಲು ನಂಬರು ಹೆಚ್ಚಿಸಿ ಕಳಿಸಿದೆ. ಹೆಚ್ಚಿಸಬೇಕೆಂದು ಅಲ್ಲ, ಬರಿಗೈಯಲ್ಲಿ ಕಳಿಸುವುದು ಬೇಡವೆಂದು.

ಮೂರನೇ ಸಲ ಬಂದ ದಿನ ಹೊರಗೆ ಪೊರೆ ಶಿಬಿರದ ಜನ ಸಾಲುಗಟ್ಟಿ ನಿಂತಿದ್ದರು. ಈ ಸಲ ಟೆಂಪೊದ ಬಲಗಡೆಯ ಕನ್ನಡಿ ಒಡೆದುಕೊಂಡಿದ್ದ. ಸೈಕಲ್ಲಿನವನೊಬ್ಬ ಕೂದಲೆಳೆಯಲ್ಲಿ ಪಾರಾಗಿದ್ದನಂತೆ. ನನಗೆ ರೇಗಿತು.

‘ಓದೋದನ್ನೆಲ್ಲ ಓದ್ತೀರಿ. ಕಣ್ಣಲ್ಲಿ ಏನೂ ತೊಂದರೆ ಇಲ್ಲ. ಗಮನ ಇಟ್ಟು ಓಡಿಸಿ, ಹೋಗಿ’ ಎಂದೆ.

‘ಆಯ್ತವ್ವ’ ಎಂದು ಎದ್ದ. ಹೋಗುವಾಗ ಎಡಗಡೆಯಿದ್ದ ಸ್ಟೂಲು ಕಾಲಿಗೆ ಸಿಕ್ಕಿ ಬಿತ್ತು. ಅದನ್ನು ಎತ್ತಿ ನಿಲ್ಲಿಸಿ, ಬಾಗಿಲಿಗೆ ಹೋಗಿ, ಬಲ ಭುಜವನ್ನು ಚೌಕಟ್ಟಿಗೆ ತಾಕಿಸಿಕೊಂಡ. ಆ ಹೊತ್ತಿಗೆ ಸರಿಯಾಗಿ ನಮ್ಮ ಕಣ್ಣಿನ ಡಾಕ್ಟರು ಪುಟ್ಟಸ್ವಾಮಯ್ಯ ಒಳಗೆ ಬರುತ್ತಿದ್ದರು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಎರಡು ಹೆಜ್ಜೆ ಒಳಗೆ ಬಂದರು, ನಿಂತರು. ತಿರುಗಿ ಅವನನ್ನು ಕರೆದರು.

‘ಬಾಗಿಲು ಕಾಣಲಿಲ್ವೇನಪ್ಪ?’

‘ಕಾಣ್ತದೆ ಸಾ. ಅದು ಎಲ್ಲಿ ಮುಗೀತದೆ ಅಂತ ಗೊತ್ತಾಗಾಕಿಲ್ಲ.’

ಪುಟ್ಟಸ್ವಾಮಯ್ಯನವರು ತಮ್ಮ ಕುರ್ಚಿಯನ್ನು ಎಳೆದು ಅವನ ಮುಂದೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಅಂಗೈಯಿಂದ ಅವನ ಎಡಗಣ್ಣು ಮುಚ್ಚಿಸಿದರು. ‘ನನ್ನ ಮೂಗನ್ನೇ ನೋಡ್ತಿರು. ಪಕ್ಕದಲ್ಲಿ ಎಷ್ಟು ಬೆರಳು ತೋರಿಸ್ತೀನಿ, ಹೇಳು’ ಎಂದರು. ಅವನ ಬಲಗಡೆ ದೂರದಲ್ಲಿ ಎರಡು ಬೆರಳು ಎತ್ತಿದರು. ಅವನು ಸುಮ್ಮನಿದ್ದ. ಕೈಯನ್ನು ನಿಧಾನವಾಗಿ ಒಳಗೆ ತಂದರು. ಸುಮ್ಮನಿದ್ದ. ಬೆರಳು ಮೂಗಿನ ನೇರಕ್ಕೆ ಬಂದ ಮೇಲೆ ‘ಎರಡು’ ಎಂದ. ಇನ್ನೊಂದು ಕಣ್ಣಿಗೆ ಎಡಗಡೆಯಿಂದ ಹಾಗೆಯೇ ಮಾಡಿದರು. ಅಲ್ಲಿಯೂ ನಡುಗೆರೆ ದಾಟುವವರೆಗೆ ಏನೂ ಇಲ್ಲ.

ಆ ಮನುಷ್ಯನಿಗೆ ನೆಟ್ಟಗೆ ಮುಂದಿರುವುದು ಬಿಟ್ಟರೆ ಎರಡೂ ಪಕ್ಕದ ಲೋಕ ಇರಲಿಲ್ಲ. ನನ್ನ ಬೋರ್ಡು ನೆಟ್ಟಗೆ ಮುಂದಿತ್ತು. ಮೂರು ಸಲವೂ ಅವನು ಅದನ್ನು ಸರಿಯಾಗಿಯೇ ಓದಿದ್ದ.

ಡಾಕ್ಟರು ಅವನ ಕೈ ಹಿಡಿದು ಬೆರಳು ನೋಡಿದರು. ‘ಇಲ್ಲಿ ಉಂಗುರ ಇತ್ತಲ್ಲ?’

‘ಬಿಗಿಯಾಗಿ ಸಿಕ್ಕಾಕ್ಕೊಂಡ್ಬುಟ್ಟಿತ್ತು ಸಾ. ಆಚಾರ್ರ ತವು ಹೋಗಿ ಕೊಯ್ಸಿದೆ.’

‘ಚಪ್ಪಲಿ?’

‘ಎಂಟು ನಂಬ್ರ ಹಾಕ್ತಿದ್ದೆ. ಈಗ ಹತ್ತೂ ಹಿಡೀತದೆ. ನಮ್ಮನೆಯವ್ಳು ಮುಖಾನೇ ಬದಲಾಗೋಯ್ತು ಅಂತಾಳೆ. ಅದಕ್ಕೂ ಕಣ್ಣಿಗೂ ಏನ್ ಸಾ?’

‘ಐತೆ ಕಣಯ್ಯ. ಒಸಿ ಹೊರಗೆ ಕೂತಿರು. ಟೆಂಪೊ ಕೀಲಿ ಮೇಡಂ ಕೈಗೆ ಕೊಟ್ಬುಡು’ ಎಂದರು.

ಅವನು ಹೊರಗೆ ಹೋದ ಮೇಲೆ ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಒಂದು ಹೊರರೋಗಿ ಚೀಟಿಯನ್ನು ಮಗುಚಿ, ಮೇಜಿನ ಮೇಲಿದ್ದ ಕೆಂಪು–ನೀಲಿ ಪೆನ್ಸಿಲು ತೆಗೆದುಕೊಂಡು ಗುಂಡಗೆ ಎರಡು ಸುತ್ತು ಬರೆದರು. ಎರಡು ಕಣ್ಣು. ಪ್ರತಿ ಕಣ್ಣಿನ ಹಿಂದೆಯಿಂದ ಎರಡು ಗೆರೆ ಎಳೆದರು, ಮೂಗಿನ ಕಡೆಯ ಅರ್ಧದಿಂದ ನೀಲಿ, ಕಿವಿಯ ಕಡೆಯ ಅರ್ಧದಿಂದ ಕೆಂಪು. ‘ಕಣ್ಣು ಬೆಳಕನ್ನು ಹಿಡಿದು ನರದಲ್ಲಿ ಹಿಂದಕ್ಕೆ ಕಳಿಸುತ್ತೆ, ಅಷ್ಟೇ ಅದರ ಕೆಲಸ. ನೋಡೋದು ಹಿಂದಲೆ, ಇಲ್ಲಿ’ ಎಂದು ತಮ್ಮ ತಲೆಯ ಹಿಂಭಾಗವನ್ನು ತಟ್ಟಿಕೊಂಡರು. ‘ಕೆಂಪು ಗೆರೆಗಳು ತಮ್ಮ ಪಕ್ಕದಲ್ಲೇ ನೆಟ್ಟಗೆ ಹೋಗ್ತವೆ. ನೀಲಿಯವು ದಾರಿಯಲ್ಲಿ ಒಂದನ್ನೊಂದು ದಾಟಿ ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೋಗ್ತವೆ. ಹಂಗಾಗಿ ನಮ್ಮ ಎಡಗಡೆ ಇರೋದೆಲ್ಲ, ಎರಡು ಕಣ್ಣು ನೋಡಿದ್ದೂ ಸೇರಿ, ಮೆದುಳಿನ ಬಲಕ್ಕೆ ಹೋಗುತ್ತೆ. ಬಲಗಡೇದು ಎಡಕ್ಕೆ.’

ನೀಲಿ ಗೆರೆಗಳು ದಾಟುವ ಜಾಗದ ಕೆಳಗೆ ಒಂದು ಚುಕ್ಕೆ ಇಟ್ಟರು. ‘ಇಲ್ಲಿ ಪಿಟ್ಯುಟರಿ ಗ್ರಂಥಿ ಇರುತ್ತೆ, ಕಡಲೆಕಾಳಿನಷ್ಟು. ಮೈ ಬೆಳೆಸೋ ರಸ ಅಲ್ಲಿಂದ ಬರುತ್ತೆ. ಅದರಲ್ಲಿ ಗಡ್ಡೆ ಬೆಳೆದರೆ ಕೈಕಾಲೂ ದಪ್ಪ ಆಗುತ್ತೆ, ಮೇಲಿರೋ ಈ ನೀಲಿ ಗೆರೆಗಳನ್ನೂ ಒತ್ತುತ್ತೆ. ಮೂಗಿನ ಕಡೆ ಅರ್ಧ ನೋಡೋದು ಹೊರಗಡೆ ಪಕ್ಕವನ್ನ. ಅದಕ್ಕೇ ಎರಡು ಪಕ್ಕವೂ ಹೋಗಿದೆ.’ ಪೆನ್ಸಿಲು ಕೆಳಗಿಟ್ಟು ಹೇಳಿದರು: ‘ಇನ್ನು ಮೇಲೆ ಬೋರ್ಡು ಆಮೇಲೆ. ಮೊದಲು ರೋಗಿ ಬಾಗಿಲಿಂದ ಕುರ್ಚಿತನಕ ಹೆಂಗೆ ನಡೆದು ಬರ್ತಾನೆ ನೋಡಿ.’

ಇವೆಲ್ಲ ನನಗೆ ಪರೀಕ್ಷೆಗೆ ಬಂದ ಪ್ರಶ್ನೆಗಳೇ. ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ.

ಚಿಕ್ಕಲಿಂಗಯ್ಯನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಸ್ಕ್ಯಾನಿನಲ್ಲಿ ಗಡ್ಡೆ ಸಿಕ್ಕಿತು. ಮಾರನೆಯ ವಾರ ಅವನ ಹೆಂಡತಿ ಜಯಮ್ಮ ಒಬ್ಬಳೇ ಬಂದು ನನ್ನ ಮುಂದೆ ಕೂತಳು. ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರು.

‘ತಲೆ ಒಳ್ಗಡೆ ಆಪರೇಸನ್ ಮಾಡ್ತಾರಂತೆ. ಕನ್ನಡ್ಕ ಹಾಕ್ಸಾಕೆ ಬಂದೋನಿಗೆ ಇದೇನವ್ವ ಹಿಂಗಾಯ್ತು? ಬ್ಯಾಡ ಅಂದ್ರೆ ಏನಾಯ್ತದೆ?’

‘ಈಗ ಎರಡು ಪಕ್ಕ ಹೋಗಿದೆ ಜಯಮ್ಮ. ಬಿಟ್ಟರೆ ಮುಂದಿರೋದೂ ಹೋಗುತ್ತೆ’ ಎಂದೆ. ತಲೆಬುರುಡೆ ತೆಗೆಯುವುದಿಲ್ಲ, ಮೂಗಿನೊಳಗಿಂದ ಹೋಗಿ ತೆಗೆಯುತ್ತಾರೆ ಎಂದು ಡಾಕ್ಟರು ಬರೆದ ಆ ಚೀಟಿಯನ್ನೇ ತೋರಿಸಿ ವಿವರಿಸಿದೆ. ಅವಳು ಆ ಗೆರೆಗಳ ಮೇಲೆ ಬೆರಳಾಡಿಸಿದಳು.

‘ನೀವಾದ್ರೆ ಮಾಡಿಸ್ತಿದ್ರಾ, ನಿಮ್ ಯಜಮಾನ್ರಿಗೆ?’

‘ಮಾಡಿಸ್ತಿದ್ದೆ.’

‘ಸರಿ ಬುಡಿ’ ಎಂದು ಎದ್ದು ಹೋದಳು.

ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಆಗ ಎಲ್ಲರ ಕೈಯಲ್ಲೂ ಫೋನಿರಲಿಲ್ಲ. ಗೂಡು ತುಂಬಿದ ಟೆಂಪೊ ರಸ್ತೆಯಲ್ಲಿ ಕಂಡರೆ ಓಡಿಸುತ್ತಿರುವವರು ಯಾರೆಂದು ಬಗ್ಗಿ ನೋಡುತ್ತಿದ್ದೆ. ಮೊದಲ ಸಲ ಬಂದಾಗಲೇ ಎರಡು ಬೆರಳು ಎತ್ತಿ ತೋರಿಸಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಆ ನಾಲ್ಕು ತಿಂಗಳು ಅವನು ಅದೇ ಕಣ್ಣಿನಲ್ಲಿ ಶಾಲೆ ಮುಂದೆ, ಸಂತೆ ಮುಂದೆ ಗಾಡಿ ಓಡಿಸಿದ್ದ. ಏನೂ ಆಗಲಿಲ್ಲ ಎನ್ನುವುದು ನನ್ನ ಅದೃಷ್ಟ, ನನ್ನ ಕೆಲಸವಲ್ಲ.

ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದರೆ ಅವನು ಬಾಗಿಲಲ್ಲಿ ನಿಂತಿದ್ದ. ಸ್ವಲ್ಪ ಇಳಿದಿದ್ದ. ನಾನು ಏನನ್ನೂ ಕೇಳದೆ ಅವನು ನಡೆದು ಬರುವುದನ್ನೇ ನೋಡಿದೆ. ಚೌಕಟ್ಟಿಗೆ ತಾಕಲಿಲ್ಲ. ಸ್ಟೂಲನ್ನು ಬಳಸಿ ಬಂದು ಕೂತ. ಒಂದು ಕಣ್ಣು ಮುಚ್ಚಿಸಿ ಬೆರಳು ಎತ್ತಿದೆ. ದೂರದಲ್ಲೇ ‘ಎರಡು’ ಎಂದ. ಇನ್ನೊಂದು ಕಡೆ, ‘ಒಂದು’. ಎಡಗಡೆ ಮೇಲಿನ ಮೂಲೆಯಲ್ಲಿ ಮಾತ್ರ ಒಸಿ ಮಬ್ಬು ಉಳಿದಿತ್ತು.

‘ನಿಮ್ಮನ್ನ ಮೂರು ಸಲ ವಾಪಸ್ ಕಳಿಸಿದೆ ಚಿಕ್ಕಲಿಂಗಯ್ಯ. ತಪ್ಪು ನನ್ನದು’ ಎಂದೆ.

‘ನಾಕ್ನೇ ಸಲಾನೂ ಬತ್ತಿದ್ದೆ ಬುಡಿ ಮೇಡಮ್ಮಾರೆ. ಏನೋ ಐತೆ ಅಂತ ನಂಗೆ ಗೊತ್ತಿತ್ತಲ್ಲ.’

ಟೆಂಪೊವನ್ನು ಬಾಮೈದನಿಗೆ ಬಿಟ್ಟು ಅವನು ಹಿಪ್ಪುನೇರಳೆ ತೋಟ ನೋಡಿಕೊಂಡ. ಬಂದ ರೋಗಿಯೇ ಮತ್ತೆ ಮತ್ತೆ ಬರುತ್ತಿದ್ದರೆ ರೇಗಬೇಡಿ. ಅವನಿಗೆ ಗೊತ್ತಿರುವ ಏನೋ ಒಂದು ನಮಗೆ ಇನ್ನೂ ಗೊತ್ತಾಗಿಲ್ಲ ಎಂದಷ್ಟೇ ಅದರ ಅರ್ಥ.

ಆಮೇಲಿನ ಒಂದು ತಿಂಗಳು ಪುಟ್ಟಸ್ವಾಮಯ್ಯನವರು ಬಂದವರಿಗೆಲ್ಲ ನನ್ನಿಂದ ಬೆರಳು ತೋರಿಸುವ ಪರೀಕ್ಷೆ ಮಾಡಿಸಿದರು, ರೆಪ್ಪೆಯಲ್ಲಿ ಕುರು ಎದ್ದು ಬಂದವರಿಗೂ. ಕೈ ನೋಯುತ್ತಿತ್ತು. ಆ ಕೈನೋವು ಕೆಲಸಕ್ಕೆ ಬಂದದ್ದು ವರ್ಷಗಳಾದ ಮೇಲೆ, ಹೊಂಗನೂರಿನಲ್ಲಿ.

ಆಗ ನಾನು ಚನ್ನಪಟ್ಟಣ ತಾಲ್ಲೂಕಿನಲ್ಲಿದ್ದೆ. ಹೊಂಗನೂರಿನ ಶಾಲೆಯಲ್ಲಿ ಕಣ್ಣಿನ ಶಿಬಿರ. ಪದ್ಮಾ ಎಂಬ ಹೆಂಗಸು ತನ್ನ ಅತ್ತೆ ಹೊನ್ನಮ್ಮನನ್ನು ಕರೆದುಕೊಂಡು ಬಂದಳು. ಕರೆದುಕೊಂಡು ಬಂದಳು ಎನ್ನುವುದಕ್ಕಿಂತ ಎಳೆದುಕೊಂಡು ಬಂದಳು ಎನ್ನಬೇಕು, ಇಬ್ಬರ ಮುಖವೂ ಊದಿತ್ತು.

‘ನನ್ ಎಡಗಣ್ಣು ಹೋಯ್ತು ಕಣವ್ವ’ ಎಂದಳು ಹೊನ್ನಮ್ಮ.

‘ಕಣ್ಣೂ ಇಲ್ಲ ಏನೂ ಇಲ್ಲ ಮೇಡಂ’ ಎಂದಳು ಪದ್ಮಾ. ‘ನಮ್ಮತ್ತೆ ಬೇಕಂತ್ಲೇ ಮಾಡ್ತಾವ್ರೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಅಂದ್ರೆ ಅರ್ಧ ತಟ್ಟೆಗೆ ಹಾಕಿ ಅರ್ಧ ಹಂಗೇ ಬುಡ್ತಾರೆ. ಈ ಬೆಳೇಲಿ ಎಷ್ಟು ಹುಳ ಒಣಗೋದ್ವು. ನನ್ಮೇಲೆ ಸಿಟ್ಟಿದ್ರೆ ನನ್ಗೆ ಬೈಲಿ, ಹುಳ ಏನ್ ಮಾಡಿದ್ವು?’

ಅರ್ಧ ತಟ್ಟೆ ಎಂದದ್ದು ನನ್ನ ಕಿವಿಗೆ ಬಿತ್ತು. ‘ಯಾವ ಅರ್ಧ ಬಿಡ್ತಾರೆ?’ ಎಂದೆ. ಪದ್ಮಾ ಸ್ವಲ್ಪ ಯೋಚಿಸಿ, ‘ಈ ಕಡೇದು’ ಎಂದು ಎಡಗೈ ತೋರಿಸಿದಳು. ‘ಯಾವಾಗ್ಲೂ?’ ‘ಯಾವಾಗ್ಲೂ.’

ಹೊನ್ನಮ್ಮನ ಎಡಗಣ್ಣು ಮುಚ್ಚಿಸಿ ಬೆರಳು ತೋರಿಸಿದೆ. ಅವಳು ಚೆನ್ನಾಗಿದೆ ಎನ್ನುತ್ತಿದ್ದ ಬಲಗಣ್ಣಿಗೂ ಎಡಗಡೆ ಇಟ್ಟ ಬೆರಳು ಕಾಣಲಿಲ್ಲ. ಹೋಗಿದೆ ಎನ್ನುತ್ತಿದ್ದ ಎಡಗಣ್ಣಿಗೆ ಬಲಗಡೆಯದು ಚೆನ್ನಾಗಿ ಕಂಡಿತು. ಎರಡು ಕಣ್ಣಿಗೂ ಒಂದೇ ಕಡೆ, ಎಡ ಅರ್ಧವೇ ಇಲ್ಲ. ಅಂದರೆ ತೊಂದರೆ ಕಣ್ಣಿನಲ್ಲಿರಲಿಲ್ಲ. ಗೆರೆಗಳು ದಾಟಿ ಹೋದ ಮೇಲೆ, ಬಲ ಮೆದುಳಿನ ದಾರಿಯಲ್ಲಿ ಇತ್ತು. ಕೆದಕಿ ಕೇಳಿದಾಗ ಗೊತ್ತಾಯಿತು, ಎರಡು ತಿಂಗಳ ಹಿಂದೆ ಒಂದು ದಿನ ತಲೆಸುತ್ತಿ, ಎಡಗೈ ಜೋಮು ಹಿಡಿದು ಮಲಗಿದ್ದಳಂತೆ. ಮಾರನೆಯ ದಿನ ಎದ್ದು ಓಡಾಡಿದಳು, ಅದು ಪಾರ್ಶ್ವವಾಯುವೆಂದು ಯಾರಿಗೂ ಹೊಳೆಯಲಿಲ್ಲ, ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ರಕ್ತದೊತ್ತಡ ನೋಡಿದರೆ ಮೀಟರಿನ ಪಾದರಸ ಎಲ್ಲಿಗೋ ಹೋಯಿತು. ಅಂದೇ ಚನ್ನಪಟ್ಟಣಕ್ಕೆ ಕಳಿಸಿ ಮಾತ್ರೆ ಶುರು ಮಾಡಿಸಿದೆವು.

ಮುಂದಿನ ವಾರ ಅವರ ಮನೆಗೆ ಹೋದೆ. ಹುಳುಮನೆಯಲ್ಲಿ ಹೊನ್ನಮ್ಮ ಆಗತಾನೆ ಸೊಪ್ಪು ಹಾಕಿದ್ದ ದೊಡ್ಡ ಬಿದಿರು ತಟ್ಟೆ ಇತ್ತು. ಬಲ ಅರ್ಧದಲ್ಲಿ ಹಸಿರು ಹಾಸಿತ್ತು, ಎಡ ಅರ್ಧದಲ್ಲಿ ಹುಳುಗಳು ತಲೆಯೆತ್ತಿ ಆಡಿಸುತ್ತಿದ್ದವು. ಚಾಕುವಿನಿಂದ ಕೊಯ್ದ ಹಾಗೆ ನಡುವೆ ಗೆರೆ. ‘ಎಲ್ಲ ಹಾಕಿದ್ಯಾ ಹೊನ್ನಮ್ಮ?’ ಎಂದೆ. ‘ಹಾಕಿವ್ನಿ’ ಎಂದಳು. ನಾನೂ ಪದ್ಮಾಳೂ ತಟ್ಟೆಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿದೆವು. ಬರಿದಾಗಿದ್ದ ಅರ್ಧ ಅವಳ ಬಲಕ್ಕೆ ಬಂತು.

ಹೊನ್ನಮ್ಮ ನೋಡಿದಳು. ಬಗ್ಗಿ ಬೆರಳಿನಿಂದ ಒಂದು ಹುಳುವನ್ನು ಮುಟ್ಟಿದಳು.

‘ಇಷ್ಟು ದಿನ ಇವು ಉಪಾಸ ಇದ್ವಾ’ ಎಂದಳು, ತುಂಬಾ ಮೆಲ್ಲಗೆ.

ಪದ್ಮಾ ಮೂಲೆಯಲ್ಲಿದ್ದ ಸೊಪ್ಪಿನ ಮಂಕರಿಯನ್ನು ತಂದು ಅತ್ತೆಯ ಪಕ್ಕದಲ್ಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ನಾನು ಏನೇನೋ ಅಂದ್ಬುಟ್ಟೆ ಅತ್ತೆ’ ಎಂದಳು. ‘ನಂಗೇ ಗೊತ್ತಿರ್ಲಿಲ್ಲ, ನಿಂಗೆಲ್ಲಿ ಗೊತ್ತಾದಾತು’ ಎಂದಳು ಹೊನ್ನಮ್ಮ.

ಎಲ್ಲ ತಟ್ಟೆಗಳ ಎಡ ಅಂಚಿಗೆ ಕೆಂಪು ಬಟ್ಟೆಯ ಚೂರು ಕಟ್ಟಲು ಹೇಳಿದೆ. ‘ಕೆಂಪು ಕಾಣೋವರೆಗೂ ಕತ್ತು ತಿರುಗಿಸು, ಆಮೇಲೆ ಸೊಪ್ಪು ಹಾಕು.’ ಊಟದ ತಟ್ಟೆಗೂ ಹಾಗೆಯೇ. ಹೋದ ದೃಷ್ಟಿ ಪೂರ್ತಿ ಬರಲಿಲ್ಲ, ಆದರೆ ಕತ್ತು ತಿರುಗಿಸುವುದು ರೂಢಿಯಾಯಿತು. ಮುಂದಿನ ಬೆಳೆಗೆ ಗೂಡು ಚೆನ್ನಾಗಿ ಬಂತೆಂದು ಪದ್ಮಾ ಆಸ್ಪತ್ರೆಗೆ ಬಂದು ಹೇಳಿದಳು. ನನಗೆ ಅದಕ್ಕಿಂತ ಸಮಾಧಾನ ತಂದದ್ದು, ಅವಳ ಹಿಂದೆಯೇ ಹೊನ್ನಮ್ಮ ಬಂದು ಬೆಂಚಿನ ಮೇಲೆ ಸೊಸೆಯನ್ನು ತನ್ನ ಬಲಕ್ಕೆ ಕೂರಿಸಿಕೊಂಡದ್ದು.

ಈ ನಡುವೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ದೃಷ್ಟಿಯ ಹರವು ಅಳೆಯಲು ಯಂತ್ರ ಬಂತು. ಗೋಳದೊಳಗೆ ಮುಖವಿಟ್ಟು, ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಕಣ್ಣಿನ ಹಿಂದಿನ ನರದ ಪದರಗಳ ಚಿತ್ರ ತೆಗೆಯುವ ಯಂತ್ರಗಳು ದೊಡ್ಡ ಆಸ್ಪತ್ರೆಗಳಿಗೆ ಬಂದವು. ಇಲ್ಲಿಂದ ಫೋನಿನಲ್ಲಿ ಫೋಟೊ ಕಳಿಸಿದರೆ ಬೆಂಗಳೂರಿನ ಡಾಕ್ಟರು ಹತ್ತು ನಿಮಿಷದಲ್ಲಿ ಉತ್ತರ ಕೊಡುತ್ತಾರೆ. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಚಿಕ್ಕಲಿಂಗಯ್ಯ ಈಗ ಬಂದಿದ್ದರೆ ಒಂದು ವಾರದಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಯಂತ್ರದ ಮುಂದೆ ಕೂರಿಸಬೇಕೆಂದು ಯಾರಿಗಾದರೂ ಮೊದಲು ಅನ್ನಿಸಬೇಕು.

ಯಂತ್ರದಿಂದ ಆಗದ ಕೆಲಸವೂ ಒಂದಿತ್ತು. ರಾಮನಗರಕ್ಕೆ ವರ್ಗವಾಗುವ ಎರಡು ವರ್ಷ ಮುಂಚೆ ಚನ್ನಪಟ್ಟಣದ ಒಂದು ಶಾಲೆಯಲ್ಲಿ ಮಕ್ಕಳ ಕಣ್ಣು ನೋಡುವಾಗ ಸಿಂಚನಾ ಎಂಬ ಐದೂವರೆ ವರ್ಷದ ಹುಡುಗಿ ಸಿಕ್ಕಳು. ಎಡಗಣ್ಣು ಮುಚ್ಚಿದರೆ ಬೋರ್ಡಿನ ಎಲ್ಲ ಸಾಲೂ ಓದುತ್ತಿದ್ದಳು. ಬಲಗಣ್ಣು ಮುಚ್ಚಿದರೆ ಮೇಲಿನ ದೊಡ್ಡ ಅಕ್ಷರಕ್ಕೇ ತಡವರಿಸುತ್ತಿದ್ದಳು. ಕಣ್ಣು ನೋಡಲು ಮುದ್ದಾಗಿತ್ತು, ನರವೂ ಚೆನ್ನಾಗಿತ್ತು. ಎಡಗಣ್ಣಿನ ನಂಬರು ಮಾತ್ರ ಹುಟ್ಟಿನಿಂದಲೇ ತುಂಬಾ ಹೆಚ್ಚು. ಆ ಕಣ್ಣು ಕಳಿಸುತ್ತಿದ್ದ ಮಸುಕು ಚಿತ್ರವನ್ನು ಮೆದುಳು ಬೇಡವೆಂದು ಬದಿಗೆ ಸರಿಸಿ ಸರಿಸಿ, ಕೊನೆಗೆ ಅದರ ಕಡೆ ಗಮನ ಕೊಡುವುದನ್ನೇ ಬಿಟ್ಟಿತ್ತು. ಕನ್ನಡಕ ಹಾಕಿದರೆ ಸಾಲದು. ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ, ಮೆದುಳು ಇನ್ನೊಂದನ್ನು ಬಳಸುವ ಹಾಗೆ ಮಾಡಬೇಕು. ಚಿಕ್ಕ ವಯಸ್ಸಿನಲ್ಲೇ ಮಾಡಬೇಕು, ಬೆಳೆದ ಮೇಲೆ ಕಷ್ಟ.

ಅವಳ ತಂದೆ ಮಹೇಶ ಬಣ್ಣದ ಗೊಂಬೆ ಮಾಡುವವನು. ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು, ತಿರುಗುವಾಗಲೇ ಅರಗಿನ ಬಣ್ಣ ಏರಿಸುವ ಕೆಲಸ. ನಾನು ಹೇಳಿದ್ದನ್ನು ಕೇಳಿ ಅವನಿಗೆ ಸಿಟ್ಟು ಬಂತು.

‘ಕಾಣ್ದಿರೋ ಕಣ್ಣಿಗೆ ಔಸ್ದಿ ಹಾಕಿ ಅಂದ್ರೆ ಸರಿ. ಕಾಣೋ ಕಣ್ಣನ್ನೇ ಮುಚ್ಚಿ ಅಂತೀರಲ್ಲ, ಇದ್ಯಾವ ನ್ಯಾಯ ಮೇಡಂ?’

‘ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬಳೇ ಎಲ್ಲ ಕೆಲಸ ಮಾಡಿದರೆ ಇನ್ನೊಬ್ಬಳು ಕಲಿಯೋದು ಯಾವಾಗ?’ ಎಂದೆ. ಅವನು ನಗಲಿಲ್ಲ, ಆದರೆ ಕಣ್ಣು ಮುಚ್ಚಲು ನಾನು ಕೊಟ್ಟ ಅಂಟುಪಟ್ಟಿಗಳನ್ನು ತೆಗೆದುಕೊಂಡು ಹೋದ.

ಮೊದಲ ತಿಂಗಳು ಸಿಂಚನಾ ಪಟ್ಟಿ ಕಿತ್ತು ಎಸೆಯುತ್ತಿದ್ದಳು. ಕಾಣದ ಕಣ್ಣಿನಲ್ಲಿ ಕೂತು ಮಗು ಮಾಡುವುದೇನು? ಮಹೇಶ ಒಂದು ಉಪಾಯ ಹುಡುಕಿದ. ದೊಡ್ಡ ತೂತಿನ ಮರದ ಮಣಿಗಳನ್ನು ಮಾಡಿ, ಕೆಂಪು ಹಳದಿ ಬಣ್ಣ ಏರಿಸಿ, ಪಟ್ಟಿ ಹಾಕಿಕೊಂಡಾಗ ಮಾತ್ರ ಕೊಡುತ್ತಿದ್ದ. ದಾರಕ್ಕೆ ಪೋಣಿಸಿದ ಸರ ಅವಳದೇ. ಸರಾಗವಾಗಿ ಪೋಣಿಸತೊಡಗಿದರೆ ಮುಂದಿನ ಮಣಿಗಳ ತೂತು ಒಂದು ಕೂದಲಷ್ಟು ಚಿಕ್ಕದು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಎರಡು ತಿಂಗಳಾದ ಮೇಲೆ ನೋಡಿದೆ. ಬೋರ್ಡಿನಲ್ಲಿ ಒಂದು ಸಾಲೂ ಹೆಚ್ಚಿರಲಿಲ್ಲ. ನನಗೇ ಅಳುಕು. ಮಗುವನ್ನು ಸುಮ್ಮನೆ ಗೋಳು ಹುಯ್ದುಕೊಂಡೆನೇ ಎನ್ನಿಸಿತು. ಮಹೇಶನಿಗೆ ಏನು ಹೇಳಲಿ ಎಂದು ತಡಕಾಡುತ್ತಿದ್ದಾಗ ಅವನೇ ಜೇಬಿನಿಂದ ಎರಡು ಮಣಿ ತೆಗೆದು ಮೇಜಿನ ಮೇಲಿಟ್ಟ. ‘ಸುರೂಗೆ ಇದನ್ನ ಪೋಣಿಸ್ತಿದ್ಲು. ಈಗ ಇದನ್ನ ಪೋಣಿಸ್ತಾಳೆ. ನಿಮ್ ಬೋರ್ಡು ಏನಾರ ಹೇಳ್ಲಿ, ಇನ್ನೊಂದ್ ತಿಂಗ್ಳು ನೋಡಾವ ಬುಡಿ’ ಎಂದ.

ಮುಂದಿನ ತಿಂಗಳು ಒಂದು ಸಾಲು ಹೆಚ್ಚು ಓದಿದಳು. ಅದರ ಮುಂದಿನ ಸಲ ಮತ್ತೆ ಒಂದು. ವರ್ಷ ತುಂಬುವಾಗ ಕೊನೆಯ ಒಂದು ಸಾಲು ಬಿಟ್ಟು ಎಲ್ಲವನ್ನೂ ಎಡಗಣ್ಣಿನಲ್ಲೇ ಓದಿ, ‘ಇದು ನಂಗೆ ಬಾಯಿಪಾಠ ಆಗೈತೆ, ಬೇರೆ ಬೋರ್ಡು ಇಲ್ವಾ?’ ಎಂದಳು. ನಾನು ಗಾಬರಿಯಾಗಿ ಬೇರೆ ಬೋರ್ಡು ತಂದು ಓದಿಸಿದೆ. ಅದನ್ನೂ ಓದಿದಳು. ಮಹೇಶ ಗೋಡೆ ಕಡೆ ತಿರುಗಿ ನಿಂತುಬಿಟ್ಟ.

ಕೊನೆಯದು ನನ್ನದೇ ಕಥೆ. ನಿವೃತ್ತಿಯಾದ ಮೇಲಿನದು.

ಬೆಳಿಗ್ಗೆ ಹನ್ನೊಂದರ ಹೊತ್ತು. ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದೆ. ಮೊರದ ನಡುವೆ ಒಂದು ಸಣ್ಣ ಹೊಳಪು ಬಂತು, ಬಿಸಿಲಿಗೆ ಹಿಡಿದ ಗಾಜಿನ ಚೂರಿನಂತೆ. ಉಜ್ಜಿಕೊಂಡೆ, ಹೋಗಲಿಲ್ಲ. ತಲೆಯೆತ್ತಿ ಎದುರಿಗೆ ಪತ್ರಿಕೆ ಓದುತ್ತಿದ್ದ ನಮ್ಮ ಯಜಮಾನರನ್ನು ನೋಡಿದೆ. ಅವರ ಮುಖದ ಒಂದು ಅರ್ಧ ಇರಲಿಲ್ಲ. ಕಪ್ಪಾಗಿರಲಿಲ್ಲ, ಇರಲೇ ಇಲ್ಲ. ಬಲಗಣ್ಣು ಮುಚ್ಚಿ ನೋಡಿದೆ. ಇಲ್ಲ. ಎಡಗಣ್ಣು ಮುಚ್ಚಿ ನೋಡಿದೆ. ಆಗಲೂ ಇಲ್ಲ.

ಎರಡು ಕಣ್ಣಿಗೂ ಒಂದೇ ಕಡೆ ಹೋಗಿದೆ ಎಂದರೆ ಏನು ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ಮೊರವನ್ನು ಕೆಳಗಿಟ್ಟೆ.

‘ರೀ, ಆಸ್ಪತ್ರೆಗೆ ಹೋಗೋಣ ಏಳಿ.’

‘ಯಾಕೆ, ಏನಾಯ್ತು?’

‘ನಿಮ್ಮ ಅರ್ಧ ಮುಖ ಕಾಣ್ತಿಲ್ಲ.’

ಅವರು ಪತ್ರಿಕೆ ಮಡಚಿದರು. ನಿವೃತ್ತ ಹೈಸ್ಕೂಲು ಮೇಷ್ಟ್ರು, ಯಾವುದಕ್ಕೂ ಅವಸರ ಮಾಡುವವರಲ್ಲ. ಆ ದಿನ ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಆಟೋ ಕರೆತಂದರು. ಆಟೋದಲ್ಲಿ ನನ್ನ ಕೈ ಬಿಡಲಿಲ್ಲ. ದಾರಿಯಲ್ಲಿ ಆ ಹೊಳಪು ಕೋಟೆಯ ಗೋಡೆಯಂತೆ ಅಂಕುಡೊಂಕಾಗಿ ಮಿನುಗುತ್ತ, ದೊಡ್ಡದಾಗುತ್ತ, ಪಕ್ಕಕ್ಕೆ ಸರಿಯುತ್ತ ಹೋಯಿತು. ಆಸ್ಪತ್ರೆಯ ಗೇಟು ಬರುವ ಹೊತ್ತಿಗೆ ಎಲ್ಲವೂ ಮೊದಲಿನಂತೆ ಕಾಣುತ್ತಿತ್ತು. ಅದು ಇನ್ನೂ ಹೆದರಿಸಿತು. ಹೋಗಿ ಬರುವ ಪಾರ್ಶ್ವವಾಯು ಎಷ್ಟೋ ನೋಡಿದ್ದೆ.

ಕಣ್ಣಿನ ವಿಭಾಗದಲ್ಲಿ ಹೊಸ ಹುಡುಗಿ. ನನ್ನನ್ನು ಕಂಡವಳಲ್ಲ. ನಾನೂ ಹೇಳಲಿಲ್ಲ. ಅವಳು ಕುರ್ಚಿ ತೋರಿಸಿ, ನಾನು ಬಂದು ಕೂರುವವರೆಗೆ ನೋಡುತ್ತಿದ್ದಳು.

‘ಹೇಳಿ ಅಮ್ಮ. ಒಂದು ಕಣ್ಣಲ್ಲೋ, ಎರಡರಲ್ಲೋ?’

‘ಎರಡರಲ್ಲೂ.’

‘ಕತ್ತಲೆ ಬಂತೋ, ಹೊಳೀತೋ?’

ಆಗ ನನಗೆ ಥಟ್ಟನೆ ಎಚ್ಚರವಾಯಿತು. ಎಷ್ಟು ವರ್ಷ ಎಷ್ಟು ಜನರನ್ನು ಈ ಪ್ರಶ್ನೆ ಕೇಳಿದ್ದೆನೋ, ಹೆದರಿಕೆಯಲ್ಲಿ ನನ್ನನ್ನೇ ಕೇಳಿಕೊಂಡಿರಲಿಲ್ಲ. ‘ಹೊಳೀತು’ ಎಂದೆ.

‘ಇದ್ದಲ್ಲೇ ಇತ್ತೋ, ಸರೀತಾ ಹೋಯ್ತೋ?’

‘ಸರೀತಾ, ದೊಡ್ಡದಾಗ್ತಾ ಹೋಯ್ತು. ಅಂಕುಡೊಂಕು. ಇಪ್ಪತ್ತು ಇಪ್ಪತ್ತೈದು ನಿಮಿಷ.’

‘ಮಾತು ತೊದಲಿತಾ? ಕೈಕಾಲು ಜೋಮು?’ ‘ಇಲ್ಲ.’ ‘ಚಿಕ್ಕ ವಯಸ್ಸಲ್ಲಿ ಅರೆತಲೆನೋವು ಬರ್ತಿತ್ತಾ?’ ಬರುತ್ತಿತ್ತು, ಮದುವೆಗೆ ಮುಂಚೆ. ಮರೆತೇಹೋಗಿತ್ತು.

ಅವಳು ಎದುರಿಗೆ ಕೂತು ಬೆರಳುಗಳನ್ನು ಎತ್ತಿ ತೋರಿಸಿದಳು, ಟಾರ್ಚು ಹಾಕಿ ಪಾಪೆ ನೋಡಿದಳು, ಆಮೇಲೆ ಯಂತ್ರಕ್ಕೆ ಕೂರಿಸಿದಳು. ‘ಇದು ಅರೆತಲೆನೋವಿನ ಬೆಳಕು ಅನ್ನಿಸ್ತಿದೆ ಅಮ್ಮ. ಮೆದುಳಲ್ಲಿ ನೋಡೋ ಜಾಗದ ಮೇಲೆ ಒಂದು ಅಲೆ ಹಾದುಹೋಗುತ್ತೆ, ತಲೆ ನೋಯದೇನೂ ಬರಬಹುದು. ತನ್ನಷ್ಟಕ್ಕೆ ಹೋಗುತ್ತೆ. ಆದರೆ ಈ ವಯಸ್ಸಲ್ಲಿ ಬಂದಿರೋದ್ರಿಂದ ಅನ್ನಿಸಿದ್ದನ್ನ ನಂಬಿ ಮನೆಗೆ ಕಳಿಸಲ್ಲ. ಫಿಜಿಷಿಯನ್ ಹತ್ರ ಹೋಗಿ, ಸ್ಕ್ಯಾನ್ ಆಗಲಿ’ ಎಂದು ಬರೆದುಕೊಟ್ಟಳು.

ಸ್ಕ್ಯಾನ್ ಮಾರನೆಯ ದಿನ ಆಯಿತು. ಏನೂ ಇರಲಿಲ್ಲ. ಕತ್ತಿನ ರಕ್ತನಾಳ ಚೆನ್ನಾಗಿತ್ತು, ಹೃದಯ ಚೆನ್ನಾಗಿತ್ತು. ಫಿಜಿಷಿಯನ್ ಕೂಡ ಅದೇ ಮಾತು ಹೇಳಿದರು. ಅದರ ಮಾರನೆಯ ದಿನ ರಿಪೋರ್ಟು ಹಿಡಿದು ಆ ಹುಡುಗಿಯ ಹತ್ತಿರ ಹೋದೆವು. ಅವಳು ಪೂರ್ತಿ ಓದಿ ನಕ್ಕಳು. ಅಷ್ಟರಲ್ಲಿ ನಮ್ಮ ಯಜಮಾನರು ಬಾಯಿ ತಡೆಯಲಾರದೆ, ‘ಇವಳೂ ಇದೇ ಕುರ್ಚಿಯಲ್ಲಿ ಕೂತಿದ್ದವಳೇ ಕಣಮ್ಮ’ ಎಂದುಬಿಟ್ಟರು.

ಹುಡುಗಿ ಎದ್ದು ನಿಂತಳು. ‘ಮೇಡಂ, ನೀವ್ಯಾಕೆ ಮೊನ್ನೆ ಹೇಳಲಿಲ್ಲ?’

‘ಹೇಳಿದ್ದರೆ ನೀನು ಅಷ್ಟೊಂದು ಪ್ರಶ್ನೆ ಕೇಳ್ತಿರಲಿಲ್ಲ. ನಿಮಗೇ ಗೊತ್ತಲ್ಲ ಅಂತ ಬಿಟ್ಟುಬಿಡ್ತಿದ್ದೆ. ನನಗೆ ಮೊನ್ನೆ ಏನೂ ಗೊತ್ತಿರಲಿಲ್ಲ’ ಎಂದೆ.

ಹೊರಗೆ ಬಂದು ಹೋಟೆಲಿಗೆ ಹೋಗಿ ಎರಡು ದಿನದ ಮೇಲೆ ಹೊಟ್ಟೆ ತುಂಬ ತಿಂದೆವು. ಕಾಫಿ ಬರುವ ಹೊತ್ತಿಗೆ ಯಜಮಾನರು ಲೋಟ ಕೆಳಗಿಟ್ಟು, ಸ್ವಲ್ಪ ಮುಂದೆ ಬಾಗಿ ಕೇಳಿದರು, ‘ಮೊನ್ನೆ ನನ್ನ ಯಾವ ಅರ್ಧ ಕಾಣಲಿಲ್ಲ ಅಂದೆ?’

‘ಅದ್ಯಾಕೀಗ?’

‘ಅಲ್ಲ, ಈಗ ಕಾಣುತ್ತಾ ಅಂತ.’

ನೋಡಿದೆ. ನರೆತ ಹುಬ್ಬು, ಗಲ್ಲದ ಮೇಲೆ ಕ್ಷೌರದಲ್ಲಿ ತಪ್ಪಿದ ನಾಲ್ಕು ಬಿಳಿ ಕೂದಲು, ಎರಡು ದಿನ ನಿದ್ದೆಗೆಟ್ಟ ಎರಡು ಕಣ್ಣು.

‘ಕಾಣುತ್ತೆ. ಪೂರ್ತಿ ಕಾಣುತ್ತೆ. ಕಾಫಿ ಕುಡೀರಿ’ ಎಂದೆ.